ದೋಣಿಯೊಳಗಿನ ಪುಟ್ಟ ಫ್ಯಾನು: ಯಾವಾಗ ತಿರುಗಬೇಕು, ಯಾವಾಗ ಸುಮ್ಮನಿರಬೇಕು?

ಇವತ್ತಿನ ಸಂಚಿಕೆಯ ವಿಷಯ ಕೇಳಿದ್ರೆ ನಿಮಗೆ ಸ್ವಲ್ಪ ವಿಚಿತ್ರ ಅನ್ನಿಸಬಹುದು. ದೋಣಿಗಳ ಒಳಗೆ ಇನ್ವರ್ಟರು, ಚಾರ್ಜರು, ವೈರ್‌ಲೆಸ್ ಸೆಟ್ಟು, ಮೀನು ಹುಡುಕುವ ಯಂತ್ರ ಇಂಥವೆಲ್ಲ ಇರ್ತಾವಲ್ಲ, ಅವು ಕಾದು ಕೆಡದ ಹಾಗೆ ನೋಡಿಕೊಳ್ಳೋ ಒಂದು ಪುಟ್ಟ ಫ್ಯಾನು. ಬಿಸಿ ಆದಾಗ ತಾನೇ ಶುರುವಾಗಿ, ತಣ್ಣಗಾದಾಗ ತಾನೇ ನಿಲ್ಲುವ ಫ್ಯಾನು. ಇದರಲ್ಲಿ ಇತಿಹಾಸ ಏನಿದೆ ಅಂತ ಕೇಳ್ತೀರಾ? ಇದೆ. ಸುಮಾರು ಇನ್ನೂರೈವತ್ತು ವರ್ಷಕ್ಕೂ ಹಿಂದಿನಿಂದ ಶುರುವಾಗೋ ಇತಿಹಾಸ.

ನಾನು ಹೊಳೆಆಲೂರಿನವನು. ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಊರು. ಸಮುದ್ರಕ್ಕೂ ನಮಗೂ ನೆಂಟಸ್ತನ ಇಲ್ಲ. ಆದರೆ ಊರಿನ ಹೆಸರಲ್ಲೇ ಹೊಳೆ ಇದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆ ನಮ್ಮ ಹೊಳೆ. ಮೋಟರ್ ರಿವೈಂಡಿಂಗ್ ಕೆಲಸ ಕಲಿತದ್ದು ಊರಲ್ಲಿ. ಆಮೇಲೆ ನಮ್ಮ ಕಡೆಯ ಎಷ್ಟೋ ಮಂದಿ ದುಡಿಯೋಕೆ ಮಲ್ಪೆ, ಮಂಗಳೂರಿನ ಬಂದರಿಗೆ ಹೋದ ಹಾಗೆ ನಾನೂ ಹೋದೆ. ಮೂರು ಋತು ಮೀನುಗಾರಿಕಾ ದೋಣಿಗಳ ವೈರಿಂಗ್ ಕೆಲಸ ಮಾಡಿದೆ. ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಅಲ್ಲೇ.

ಮೊದಲು ನಮ್ಮ ಕಡೆಯ ದೋಣಿಗಳಿಂದಲೇ ಶುರು ಮಾಡೋಣ. ಕೃಷ್ಣಾ, ತುಂಗಭದ್ರಾ ಸೀಮೆಯ ಹಳೆಯ ದೋಣಿ ಅಂದ್ರೆ ಹರಿಗೋಲು. ಬಿದಿರಿನ ಬುಟ್ಟಿ, ಅದರ ಮೇಲೆ ಚರ್ಮದ ಹೊದಿಕೆ. ಹದಿನಾರನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಹತ್ತಿರ ಜನ ಬುಟ್ಟಿಯಂಥ ದುಂಡನೆ ದೋಣಿಯಲ್ಲಿ ಹೊಳೆ ದಾಟೋದನ್ನು ಬರೆದಿಟ್ಟಿದ್ದಾನೆ. ಆ ದೋಣಿಯಲ್ಲಿ ಕಾಯೋ ವಸ್ತು ಒಂದೇ, ಹುಟ್ಟು ಹಾಕುವವನ ಬೆನ್ನು.

ನಮ್ಮ ತಲೆಮಾರು ಮೋಟರ್ ದೋಣಿಯನ್ನು ಊರ ಹತ್ತಿರ ಕಂಡದ್ದು ಪ್ರವಾಹದಲ್ಲಿ. 2009ರಲ್ಲಿ ಒಮ್ಮೆ ಹೊಳೆ ಉಕ್ಕಿತ್ತು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟಾಗ ರೋಣ, ನರಗುಂದ ತಾಲ್ಲೂಕಿನ ಹೊಳೆದಂಡೆಯ ಊರುಗಳು ಮತ್ತೆ ಮುಳುಗಿದವು. ಕೊಣ್ಣೂರು, ಮೆಣಸಗಿ, ನಮ್ಮ ಹೊಳೆಆಲೂರು ಎಲ್ಲ ಸುದ್ದಿಯಲ್ಲಿದ್ದವು. ರಸ್ತೆ ಇದ್ದ ಕಡೆ ರಕ್ಷಣಾ ದೋಣಿಗಳು ಓಡಾಡಿದವು. ಅಂಥ ಹೊತ್ತಿನಲ್ಲಿ ದೋಣಿಯ ಎಂಜಿನ್ ಎಷ್ಟು ಮುಖ್ಯವೋ, ಕೈಯಲ್ಲಿರೋ ವೈರ್‌ಲೆಸ್ಸು, ಸರ್ಚ್‌ಲೈಟು, ಬ್ಯಾಟರಿ ಅಷ್ಟೇ ಮುಖ್ಯ. ಕತ್ತಲೆಯಲ್ಲಿ ದೀಪ ಹೋದ್ರೆ, ಮಾತು ನಿಂತ್ರೆ, ದೋಣಿ ಇದ್ದೂ ಇಲ್ಲದ ಹಾಗೆ.

ಈಗ ಮೂಲ ಪ್ರಶ್ನೆಗೆ ಬರೋಣ. ವಿದ್ಯುತ್ ಉಪಕರಣ ಯಾಕೆ ಕಾಯುತ್ತೆ?

ಯಾವ ಉಪಕರಣವೂ ತಾನು ತೆಗೆದುಕೊಂಡ ವಿದ್ಯುತ್ತನ್ನು ಪೂರ್ತಿ ಕೆಲಸಕ್ಕೆ ಬಳಸೋದಿಲ್ಲ. ಒಂದು ಇನ್ವರ್ಟರ್ ಶೇ 90ರಷ್ಟು ದಕ್ಷತೆಯದ್ದು ಅಂದುಕೊಳ್ಳಿ. ಅದರಿಂದ 1000 ವ್ಯಾಟ್ ಕೆಲಸ ತೆಗೆದರೆ, ಸುಮಾರು 110 ವ್ಯಾಟ್ ಬರೀ ಶಾಖವಾಗಿ ಹೋಗುತ್ತೆ. ಹಳೇ ಕಾಲದ 100 ವ್ಯಾಟಿನ ಬಲ್ಬು ನೆನಪಿದೆಯಾ? ಮುಟ್ಟಿದರೆ ಬೆರಳು ಸುಡ್ತಿತ್ತು. ಅಂಥದೊಂದು ಬಲ್ಬನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ದಿನವಿಡೀ ಉರಿಸಿದ ಹಾಗೆ. ನಿರೋಧಕ ವಸ್ತುಗಳ ಬಗ್ಗೆ ಎಂಜಿನಿಯರುಗಳ ಹಳೆಯ ಲೆಕ್ಕ ಒಂದಿದೆ: ಉಷ್ಣತೆ ಪ್ರತಿ 10 ಡಿಗ್ರಿ ಹೆಚ್ಚಾದ ಹಾಗೆ ಆಯುಷ್ಯ ಹೆಚ್ಚುಕಡಿಮೆ ಅರ್ಧ ಆಗುತ್ತೆ. ಸೀಸದ ಬ್ಯಾಟರಿಗೂ ಬಹುಮಟ್ಟಿಗೆ ಇದೇ ಲೆಕ್ಕ. ಉಪಕರಣ ಒಂದೇ ದಿನ ಸುಟ್ಟುಹೋಗೋದು ಅಪರೂಪ. ಅದು ಯಾರಿಗೂ ಹೇಳದೆ ಆಯುಷ್ಯ ಕಳೆದುಕೊಳ್ತಾ ಬರುತ್ತೆ.

ನೆಲದ ಮೇಲೆ ಇದಕ್ಕೆ ಮದ್ದು ಸುಲಭ. ನಮ್ಮೂರಲ್ಲಿ ಬೇಸಿಗೆಯಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಕಾದ್ರೆ ಹಿರಿಯರು ಹೇಳೋದು ಒಂದೇ ಮಾತು: 'ಡಬ್ಬಿ ಬಾಗಲಾ ತಗದಿಡೋ, ಗಾಳಿ ಆಡ್ಲಿ.' ಬರೋದು ಬರೀ ಧೂಳು, ಒರೆಸಿದ್ರೆ ಹೋಯ್ತು. ಸಮುದ್ರದಲ್ಲಿ ಬಾಗಿಲು ತೆಗೆದ್ರೆ ಒಳಗೆ ಬರೋದು ಉಪ್ಪು. ಮುಚ್ಚಿದ್ರೆ ಒಳಗೆ ಬೇಯುತ್ತೆ, ತೆಗೆದ್ರೆ ತುಕ್ಕು ಹಿಡಿಯುತ್ತೆ. ದೋಣಿಯ ಎಲೆಕ್ಟ್ರಿಷಿಯನ್ನಿನ ಇಡೀ ಸಂಕಟ ಈ ಎರಡು ಮಾತಿನಲ್ಲಿದೆ.

ಈ ಸಂಕಟಕ್ಕೆ ಉತ್ತರ ಕೊಟ್ಟದ್ದು ಎರಡು ಲೋಹದ ಒಂದು ಪಟ್ಟಿ. ಮತ್ತು ಅದು ಹುಟ್ಟಿದ್ದು ಕೂಡ ಹಡಗಿಗಾಗಿಯೇ.

1707ರಲ್ಲಿ ಬ್ರಿಟನ್ನಿನ ಸಿಲಿ ದ್ವೀಪಗಳ ಹತ್ತಿರ ನೌಕಾಪಡೆಯ ನಾಲ್ಕು ಹಡಗುಗಳು ಬಂಡೆಗೆ ಬಡಿದು ಮುಳುಗಿದವು. ಸಾವಿರಕ್ಕೂ ಹೆಚ್ಚು ನಾವಿಕರು ಸತ್ತರು. ತಾವು ಎಲ್ಲಿದ್ದೇವೆ ಅನ್ನೋದು ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಆ ಕಾಲದಲ್ಲಿ ಸಮುದ್ರದ ಮಧ್ಯೆ ರೇಖಾಂಶ ಕಂಡುಹಿಡಿಯೋಕೆ ನಂಬುವಂಥ ದಾರಿಯೇ ಇರಲಿಲ್ಲ. 1714ರಲ್ಲಿ ಬ್ರಿಟಿಷ್ ಸಂಸತ್ತು ಈ ಸಮಸ್ಯೆ ಬಿಡಿಸಿದವರಿಗೆ 20,000 ಪೌಂಡ್‌ವರೆಗೆ ಬಹುಮಾನ ಅಂತ ಕಾಯ್ದೆ ಮಾಡಿತು. ಒಂದು ಉತ್ತರ ಏನು ಅಂದ್ರೆ, ಹೊರಟ ಬಂದರಿನ ಸಮಯವನ್ನು ತಪ್ಪದೆ ತೋರಿಸೋ ಗಡಿಯಾರ ಹಡಗಿನಲ್ಲಿದ್ದರೆ, ಅಲ್ಲಿನ ಸೂರ್ಯನ ಸಮಯದ ಜತೆ ಹೋಲಿಸಿ ಎಷ್ಟು ದೂರ ಬಂದಿದ್ದೇವೆ ಅಂತ ಲೆಕ್ಕ ಹಾಕಬಹುದು.

ಆದರೆ ಗಡಿಯಾರಕ್ಕೆ ಶತ್ರು ಬಿಸಿ. ಬಿಸಿ ಆದ್ರೆ ಒಳಗಿನ ಸ್ಪ್ರಿಂಗ್ ಸಡಿಲವಾಗಿ ಗಡಿಯಾರ ನಿಧಾನ ಆಗುತ್ತೆ. ಮೂಲತಃ ಬಡಗಿಯಾಗಿದ್ದ ಜಾನ್ ಹ್ಯಾರಿಸನ್ ಅನ್ನೋ ಮನುಷ್ಯ ಇದರ ಹಿಂದೆ ಬಿದ್ದ. ತನ್ನ ಮೂರನೇ ಸಮುದ್ರ ಗಡಿಯಾರದ ಮೇಲೆ 1740ರಿಂದ ಸುಮಾರು 19 ವರ್ಷ ಕೆಲಸ ಮಾಡಿದ. ಅದರಲ್ಲಿ ಹಿತ್ತಾಳೆ ಮತ್ತು ಉಕ್ಕಿನ ಎರಡು ತೆಳು ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಕೂಡಿಸಿ ರಿವೆಟ್ ಹೊಡೆದ. ಬಿಸಿಗೆ ಹಿತ್ತಾಳೆ ಹೆಚ್ಚು ಹಿಗ್ಗುತ್ತೆ, ಉಕ್ಕು ಕಡಿಮೆ. ಹಾಗಾಗಿ ಜೋಡಿ ಪಟ್ಟಿ ಉಕ್ಕಿನ ಕಡೆಗೆ ಬಾಗುತ್ತೆ. ಆ ಬಾಗುವಿಕೆಯಿಂದಲೇ ಸ್ಪ್ರಿಂಗಿನ ಉದ್ದವನ್ನು ಸರಿಪಡಿಸಿದ. ಬಹುಮಾನದ ಹಾದಿ ತೆರೆದದ್ದು ಅವನ ನಾಲ್ಕನೇ ಗಡಿಯಾರ. ಆದರೆ ಜಗತ್ತಿನ ಮನೆಮನೆಗೂ ಬಂದದ್ದು ಮೂರನೆಯದರ ಆ ಪಟ್ಟಿ. ನಿಮ್ಮ ಇಸ್ತ್ರಿಪೆಟ್ಟಿಗೆ ಕಾದಾಗ 'ಟಕ್' ಅನ್ನುತ್ತಲ್ಲ, ಅದು ಇದೇ. ಹಳೇ ಟ್ಯೂಬ್‌ಲೈಟಿನ ಸ್ಟಾರ್ಟರ್ ಒಳಗೂ ಇದೇ.

ಹಡಗಿನಿಂದ ಈ ಪಟ್ಟಿ ನೆಲಕ್ಕೆ ಇಳಿದದ್ದು ಬಟ್ಟೆ ಗಿರಣಿಗಳ ಮೂಲಕ. ಗಿರಣಿಯಲ್ಲಿ ಒಂದೇ ಹದದ ಉಷ್ಣತೆ ಬೇಕು. ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಆಂಡ್ರ್ಯೂ ಯೂರ್ 1830ರಲ್ಲಿ ಬಾಗುವ ಪಟ್ಟಿಯಿಂದಲೇ ಗಾಳಿ, ಬಿಸಿಯನ್ನು ನಿಯಂತ್ರಿಸೋ ಸಾಧನಕ್ಕೆ ಪೇಟೆಂಟ್ ಪಡೆದ. ಥರ್ಮೋಸ್ಟಾಟ್ ಅನ್ನೋ ಹೆಸರು ಅಲ್ಲಿಂದ ಬಂತು. ಮುಂದೆ 1920ರ ದಶಕದಲ್ಲಿ ಅಮೆರಿಕದ ಜಾನ್ ಸ್ಪೆನ್ಸರ್ ಪಟ್ಟಿಯ ಬದಲು ಸ್ವಲ್ಪ ಗುಳಿ ಬಿದ್ದ ಬಿಲ್ಲೆ ಮಾಡಿದ. ಪಟ್ಟಿ ನಿಧಾನವಾಗಿ ಬಾಗಿದರೆ, ಬಿಲ್ಲೆ ಒಂದು ಮಟ್ಟದ ಬಿಸಿಗೆ ತಟ್ಟನೆ ತಿರುಗಿ ಬೀಳುತ್ತೆ. ಹಾಗಾಗಿ ಸ್ವಿಚ್ಚು ಅರ್ಧಂಬರ್ಧ ತಾಗಿ ಕಿಡಿ ಹಾರಿಸ್ತಾ ಕೂರೋದಿಲ್ಲ. ಇವತ್ತು ಅಂಗಡಿಯಲ್ಲಿ ಕೆಎಸ್‌ಡಿ 301 ಅಂತ ಕೇಳಿದ್ರೆ ಕೊಡೋ ಬೆರಳ ತುದಿಯಷ್ಟು ದೊಡ್ಡ ಸ್ವಿಚ್ಚು ಅದರ ವಂಶದ್ದೇ.

ಇನ್ನು ಹಡಗಿನ ವಿದ್ಯುತ್ತಿನ ಮಾತು, 1880ರದ್ದು. ಅಮೆರಿಕದ ಕೊಲಂಬಿಯಾ ಅನ್ನೋ ಉಗಿಹಡಗಿಗೆ ಎಡಿಸನ್ ದೀಪಗಳನ್ನು ಹಾಕಿದರು. ಅದೇ ದಶಕದಲ್ಲಿ ವಿದ್ಯುತ್ ಫ್ಯಾನೂ ಹುಟ್ಟಿತು. ಕಾಲದ ಅಂದಾಜಿಗೆ ಹೇಳೋದಾದ್ರೆ, ಗದಗದಿಂದ ಹೊಟಗಿ ಕಡೆಗೆ ನಮ್ಮ ಹೊಳೆಆಲೂರಿನ ಮೇಲೆ ಮೀಟರ್‌ಗೇಜ್ ರೈಲು ಬಂದದ್ದೂ ಅದೇ ದಶಕದಲ್ಲಿ. ಹೀಗೆ ಎರಡೂ ಕೈಗೆ ಸಿಕ್ಕವು: ಬಿಸಿಯನ್ನು ಗುರುತಿಸೋ ಪಟ್ಟಿ, ಗಾಳಿ ಬೀಸೋ ಫ್ಯಾನು. ಆದರೆ ಆಗಿನ ಫ್ಯಾನಿನಲ್ಲಿ ಕಾರ್ಬನ್ ಬ್ರಷ್ ಇತ್ತು. ಅದು ಸವೆಯುತ್ತೆ, ಕಿಡಿ ಹಾರಿಸುತ್ತೆ. 1962ರಲ್ಲಿ ಬ್ರಷ್ ಇಲ್ಲದ, ಟ್ರಾನ್ಸಿಸ್ಟರಿನಿಂದ ನಡೆಯೋ ಡಿಸಿ ಮೋಟರನ್ನು ಅಮೆರಿಕದ ಇಬ್ಬರು ಎಂಜಿನಿಯರುಗಳು ತೋರಿಸಿಕೊಟ್ಟ ಮೇಲೆ ಆ ತೊಂದರೆಯೂ ತಪ್ಪಿತು. ಕಂಪ್ಯೂಟರಿನ ಒಳಗೆ ತಿರುಗೋ ಚೌಕಾಕಾರದ ಫ್ಯಾನು ಆ ಜಾತಿಯದ್ದೇ.

ಈಗ ನಮ್ಮ ಕರಾವಳಿಗೆ ಬರೋಣ. 1952ರಲ್ಲಿ ಭಾರತ, ನಾರ್ವೆ, ವಿಶ್ವಸಂಸ್ಥೆ ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಕೇರಳದ ಕೊಲ್ಲಂ ಹತ್ತಿರ ಮೀನುಗಾರರಿಗೆ ಎಂಜಿನ್ ದೋಣಿ ಕೊಡುವ ಯೋಜನೆ ಅದು. 1960ರ ದಶಕದಲ್ಲಿ ಯೋಜನೆ ಕಾರವಾರಕ್ಕೂ ಬಂತು. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬಲೆಯ ದೋಣಿಗಳು ಬಂದು, ಊರೆಲ್ಲ ಸೇರಿ ದಡದಿಂದ ಎಳೀತಿದ್ದ ರಂಪಣಿ ಬಲೆಯನ್ನು ಪಕ್ಕಕ್ಕೆ ಸರಿಸಿದವು. ಆಮೇಲೆ ಮೀನು ಹುಡುಕೋ ಯಂತ್ರ, ಜಿಪಿಎಸ್, ವಿಎಚ್‌ಎಫ್ ವೈರ್‌ಲೆಸ್ಸು, ಮೊಬೈಲ್ ಚಾರ್ಜರು, ಇನ್ವರ್ಟರು ಒಂದೊಂದಾಗಿ ದೋಣಿ ಹತ್ತಿದವು. ಹತ್ತು ಹನ್ನೆರಡು ದಿನ ಆಳಸಮುದ್ರದಲ್ಲೇ ಇರೋ ದೋಣಿಗೆ ಇವು ಶೋಕಿ ಅಲ್ಲ. ಆದರೆ ಇವುಗಳಿಗಾಗಿ ಯಾರೂ ಜಾಗ ಮಾಡಿರಲಿಲ್ಲ. ಚುಕ್ಕಾಣಿ ಕೋಣೆಯ ಮೂಲೆಯಲ್ಲಿ ಪ್ಲೈವುಡ್ಡಿನ ಒಂದು ಪೆಟ್ಟಿಗೆ, ಅದರೊಳಗೆ ಎಲ್ಲ ತುರುಕಿ, ನೀರು ಬೀಳಬಾರದು ಅಂತ ಬಾಗಿಲು ಗಟ್ಟಿ ಹಾಕೋದು. ಮೇಲೆ ಬಿಸಿಲು, ಕೆಳಗೆ ಎಂಜಿನ್ ಕೋಣೆ, ನಡುವೆ ಈ ಪೆಟ್ಟಿಗೆ.

ನಾನು ನೋಡಿದ ಎರಡು ದೋಣಿಗಳ ಕಥೆ ಹೇಳ್ತೀನಿ. ಹೆಸರು ಬೇಡ. ಒಂದರಲ್ಲಿ ಇನ್ವರ್ಟರ್ ಪ್ರತಿದಿನ ಮಧ್ಯಾಹ್ನ ತಾನೇ ಬಂದ್ ಆಗ್ತಿತ್ತು. ಸಂಜೆ ಸರಿಹೋಗ್ತಿತ್ತು. ಬ್ಯಾಟರಿ ಹೋಗಿದೆ ಅಂತ ಬ್ಯಾಟರಿ ಬದಲಾಯಿಸಿದ್ರು. ಮತ್ತೂ ಅದೇ ಕಥೆ. ಪೆಟ್ಟಿಗೆಯೊಳಗೆ ಒಂದು ಥರ್ಮಾಮೀಟರ್ ಇಟ್ಟು ನೋಡಿದಾಗ ಮಧ್ಯಾಹ್ನ 58 ಡಿಗ್ರಿ. ಇನ್ವರ್ಟರ್ ಕೆಟ್ಟಿರಲಿಲ್ಲ, ತನ್ನ ಜೀವ ಉಳಿಸಿಕೊಳ್ತಿತ್ತು.

ಎರಡನೇ ದೋಣಿಯವರು ಜಾಣರು. ಪೆಟ್ಟಿಗೆಗೆ ರಂಧ್ರ ಕೊರೆದು, 24 ಗಂಟೆ ತಿರುಗೋ ಫ್ಯಾನು ಹಾಕಿಸಿದ್ದರು. ಬಿಸಿಯ ಸಮಸ್ಯೆ ಹೋಯ್ತು. ಆದರೆ ಒಂದೇ ಋತು ಮುಗಿಯೋ ಹೊತ್ತಿಗೆ ತಾಮ್ರದ ತುದಿಗಳೆಲ್ಲ ಹಸಿರು, ಸ್ಕ್ರೂಗಳು ಕೆಂಪು, ಬೋರ್ಡಿನ ಮೇಲೆ ಬಿಳೀ ಪುಡಿ. ತಣ್ಣಗಿಟ್ಟ ಪೆಟ್ಟಿಗೆ ಒಳಗಿಂದ ಕೊಳೆತಿತ್ತು.

ಯಾಕೆ ಹೀಗಾಯ್ತು? ಉಪ್ಪಿಗೊಂದು ಗುಣ ಇದೆ. ಗಾಳಿಯ ತೇವಾಂಶ ಶೇ 75 ದಾಟಿದ್ರೆ ಅದು ಗಾಳಿಯಿಂದಲೇ ನೀರು ಎಳೆದುಕೊಂಡು ತಾನೇ ಕರಗುತ್ತೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ನೋಡಿದವರಿಗೆ ಇದು ಹೊಸದಲ್ಲ. ಬೋರ್ಡಿನ ಮೇಲೆ ಕೂತ ಉಪ್ಪಿನ ಪುಡಿ ಒಣಗಿದ್ದಾಗ ಅಷ್ಟೇನೂ ಅಪಾಯವಿಲ್ಲ. ಕರಗಿದ ಕೂಡಲೇ ಅದು ವಿದ್ಯುತ್ ಹರಿಸೋ ದ್ರವ. ಈಗ ಲೆಕ್ಕ ನೋಡಿ. ಹೊರಗಿನ ಗಾಳಿ 28 ಡಿಗ್ರಿ, ತೇವಾಂಶ ಶೇ 85 ಅಂತಿಟ್ಟುಕೊಳ್ಳಿ. ಅದೇ ಗಾಳಿ ಪೆಟ್ಟಿಗೆಯೊಳಗೆ 35 ಡಿಗ್ರಿಗೆ ಬಿಸಿಯಾದರೆ ಅದರ ತೇವಾಂಶ ಸುಮಾರು ಶೇ 57ಕ್ಕೆ ಇಳಿಯುತ್ತೆ. ಅಂದ್ರೆ ಸ್ವಲ್ಪ ಬೆಚ್ಚಗಿರೋ ಪೆಟ್ಟಿಗೆ ಒಣಗಿರುತ್ತೆ. ರಾತ್ರಿಯೆಲ್ಲ ಫ್ಯಾನು ತಿರುಗಿಸಿದ್ರೆ ಆ ಬೆಚ್ಚನೆಯನ್ನು ನಾವೇ ಹೊರಗೆ ಎಸೆದು, ಹೊಸ ತೇವವನ್ನು, ಹೊಸ ಉಪ್ಪನ್ನು ಒಳಗೆ ತುಂಬಿಸ್ತೀವಿ.

ಈ ಸಂಚಿಕೆಯಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಜನ ಅಂದುಕೊಳ್ಳೋದು, ಥರ್ಮೋಸ್ಟಾಟ್ ಇರೋದು ಕರೆಂಟ್ ಉಳಿಸೋಕೆ ಅಂತ. ಉಳಿಯುತ್ತೆ, ಇಲ್ಲ ಅಲ್ಲ. 0.2 ಆಂಪಿಯರಿನ ಫ್ಯಾನು ದಿನವಿಡೀ ತಿರುಗಿದ್ರೆ ಬ್ಯಾಟರಿಯಿಂದ 4.8 ಆಂಪಿಯರ್-ಅವರ್ ಹೋಗುತ್ತೆ, ಆರು ಗಂಟೆ ತಿರುಗಿದ್ರೆ 1.2 ಮಾತ್ರ. ಆದರೆ ದೋಣಿಯಲ್ಲಿ ಅದರ ದೊಡ್ಡ ಕೆಲಸ ಬೇರೆ. ಎಷ್ಟು ಹೊತ್ತು ಹೊರಗಿನ ಗಾಳಿಯನ್ನು ಒಳಗೆ ಬಿಡಬೇಕು ಅಂತ ತೀರ್ಮಾನ ಮಾಡೋದು. ಬಿಸಿ ಅತಿಯಾದ್ರೆ ಶತ್ರು, ಹಿತವಾಗಿದ್ರೆ ಕಾವಲುಗಾರ.

ಹಾಗಾದ್ರೆ ಹೇಗೆ ಹಾಕಬೇಕು? ಮಲ್ಪೆಯಲ್ಲಿ ನಾವು ಹಾಕ್ತಿದ್ದ ಕ್ರಮ ಹೇಳ್ತೀನಿ. 45 ಡಿಗ್ರಿಗೆ ಶುರುವಾಗಿ 35ರ ಆಸುಪಾಸಿನಲ್ಲಿ ನಿಲ್ಲೋ ಸ್ವಿಚ್ಚು. ಶುರುವಾಗೋದಕ್ಕೂ ನಿಲ್ಲೋದಕ್ಕೂ ಈ ಅಂತರ ಬೇಕೇ ಬೇಕು, ಇಲ್ಲಾಂದ್ರೆ ಫ್ಯಾನು ನಿಮಿಷಕ್ಕೊಮ್ಮೆ ಶುರುವಾಗಿ ನಿಂತು ಸಾಯುತ್ತೆ. ಸ್ವಿಚ್ಚನ್ನು ಪೆಟ್ಟಿಗೆಯ ಗೋಡೆಗಲ್ಲ, ಎಲ್ಲಕ್ಕಿಂತ ಹೆಚ್ಚು ಕಾಯೋ ಉಪಕರಣದ ಲೋಹದ ಮೈಗೆ ತಾಗಿಸಿ ಕೂರಿಸಬೇಕು. ಗಾಳಿ ಕೆಳಗಿಂದ ಒಳಗೆ, ಮೇಲಿಂದ ಹೊರಗೆ. ಒಳಗೆ ಬರೋ ದಾರಿಯ ಮುಂದೆ ಬಾಗಿದ ಕೊಳವೆ, ನೀರಿನ ಹನಿ ನೇರ ಬರಬಾರದು. ಗಾಳಿ ತುಂಬಾ ಏನೂ ಬೇಡ. ಆಗ ಹೇಳಿದ 110 ವ್ಯಾಟ್ ಶಾಖವನ್ನು ಹೊರಗಿಗಿಂತ 10 ಡಿಗ್ರಿ ಒಳಗೆ ಹಿಡಿಯೋಕೆ ಸೆಕೆಂಡಿಗೆ ಸುಮಾರು 9 ಲೀಟರ್ ಗಾಳಿ ಸಾಕು. ಅಂಗೈಯಷ್ಟಗಲದ ಫ್ಯಾನಿಗೆ ಅದು ಕಷ್ಟದ ಕೆಲಸವಲ್ಲ.

ಎರಡು ಕಡೆ ಮಾತ್ರ ಈ ಸ್ವಿಚ್ಚು ಬೇಡವೇ ಬೇಡ. ಒಂದು, ಪೆಟ್ರೋಲ್ ಎಂಜಿನ್ ಇರೋ ಮುಚ್ಚಿದ ಜಾಗ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಕೂರುತ್ತೆ. ಬಿಲ್ಲೆ 'ಟಕ್' ಅಂದಾಗ ಒಂದು ಸಣ್ಣ ಕಿಡಿ ಹಾರುತ್ತೆ, ಅಷ್ಟು ಸಾಕು. ಅಲ್ಲಿ ಕಿಡಿ ಹೊರಬಾರದ ಹಾಗೆ ಮಾಡಿದ ಸಾಧನಗಳೇ ಬೇಕು. ಇನ್ನೊಂದು, ಸೀಸದ ಬ್ಯಾಟರಿಯ ಪೆಟ್ಟಿಗೆ. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತೆ. ಗಾಳಿಯಲ್ಲಿ ಶೇ 4ರಷ್ಟಾದರೆ ಅದು ಹೊತ್ತಿಕೊಳ್ಳಬಲ್ಲದು. ಬ್ಯಾಟರಿಗೆ ಬೇರೆ ಜಾಗ ಇರಬೇಕು, ಅದರ ಮೇಲ್ಭಾಗದಲ್ಲಿ ಸದಾ ತೆರೆದ ದಾರಿ ಇರಬೇಕು.

ಇನ್ನೊಂದು ವಿಚಾರ ನನಗೆ ಬಹಳ ತಡವಾಗಿ ಹೊಳೆದದ್ದು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೋಣಿಗಳೆಲ್ಲ ದಡದಲ್ಲಿ. ಎಲ್ಲ ಸ್ವಿಚ್ ಆಫ್. ಬಿಸಿಯೇ ಇಲ್ಲ, ಆದರೆ ವರ್ಷದ ಅತಿ ತೇವದ ಕಾಲ ಅದೇ. ಉಪಕರಣ ದುಡಿದಾಗ ಮಾತ್ರ ಅಲ್ಲ, ಸುಮ್ಮನೆ ಕೂತಾಗಲೂ ಕೆಡ್ತಾವೆ. ದೊಡ್ಡ ಹಡಗು, ವಿದ್ಯುತ್ ಕೇಂದ್ರಗಳ ಪ್ಯಾನೆಲ್‌ಗಳಲ್ಲಿ ಇದಕ್ಕಂತಲೇ ಒಂದು ಸಣ್ಣ ಹೀಟರ್ ಇಟ್ಟಿರ್ತಾರೆ. ಅದನ್ನೂ ನಡೆಸೋದು ಥರ್ಮೋಸ್ಟಾಟೇ, ಆದರೆ ತಿರುವುಮುರುವು: ತಣ್ಣಗಾದಾಗ ಶುರು, ಬೆಚ್ಚಗಾದಾಗ ಬಂದ್. ಒಂದೇ ಬಿಲ್ಲೆ, ಎರಡು ದಿಕ್ಕಿನ ಕಾವಲು.

ಇಷ್ಟೆಲ್ಲ ಯಾಕೆ ಮುಖ್ಯ? 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ದೋಣಿ ನಿಮಗೆ ನೆನಪಿರಬಹುದು. ಏಳು ಮೀನುಗಾರರು ಅದರಲ್ಲಿದ್ದರು. 15ರ ರಾತ್ರಿಯ ನಂತರ ಸಂಪರ್ಕ ಕಡಿದುಹೋಯ್ತು. ಮುಂದಿನ ವರ್ಷದ ಮೇ ತಿಂಗಳಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣ್ ಆಚೆ ಸಮುದ್ರತಳದಲ್ಲಿ ಅದರ ಅವಶೇಷ ಪತ್ತೆ ಮಾಡಿತು. ಆ ದುರಂತಕ್ಕೂ ನಾನು ಮಾತಾಡ್ತಿರೋ ಫ್ಯಾನಿಗೂ ಸಂಬಂಧ ಇಲ್ಲ, ಅದನ್ನು ಸ್ಪಷ್ಟವಾಗಿ ಹೇಳ್ತೀನಿ. ಆದರೆ ಒಂದು ದೋಣಿ ಮಾತು ನಿಲ್ಲಿಸಿದ್ರೆ ದಡದಲ್ಲಿರೋ ಮನೆಗಳಿಗೆ ಏನಾಗುತ್ತೆ ಅನ್ನೋದನ್ನು ಆ ಐದು ತಿಂಗಳು ಇಡೀ ಕರಾವಳಿಗೆ ತೋರಿಸಿತು. ಮಾಮೂಲಿ ವಿಎಚ್‌ಎಫ್ ವೈರ್‌ಲೆಸ್ಸು ಕೆಲವು ಹತ್ತು ಕಿಲೋಮೀಟರ್ ದೂರಕ್ಕಷ್ಟೇ. ಅದಕ್ಕೇ ಈಗ ಇಸ್ರೊ ಅಭಿವೃದ್ಧಿಪಡಿಸಿದ, ಉಪಗ್ರಹದ ಮೂಲಕ ಸಂದೇಶ ಕಳಿಸೋ ಟ್ರಾನ್ಸ್‌ಪಾಂಡರುಗಳು ಬರ್ತಿವೆ. 1 ಲಕ್ಷ ದೋಣಿಗಳಿಗೆ ಅವನ್ನು ಅಳವಡಿಸೋ ಯೋಜನೆಗೆ 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಚಾಲನೆ ಸಿಕ್ಕಿದೆ. ಒಳ್ಳೇದು. ಆದರೆ ಯಾವ ಟ್ರಾನ್ಸ್‌ಪಾಂಡರಿಗೂ ಕರೆಂಟು ಬೇಕು. ಆ ಕರೆಂಟು ಬರೋದು ಅದೇ ಬ್ಯಾಟರಿ, ಅದೇ ತಂತಿ, ಅದೇ ಮೂಲೆಯ ಪೆಟ್ಟಿಗೆಯ ದಾರಿಯಲ್ಲಿ.

ಮುಂದಿನ ದಿನಗಳಲ್ಲಿ ದೋಣಿಯೇ ವಿದ್ಯುತ್ತಿನದ್ದಾಗ್ತಾ ಇದೆ. 2017ರ ಜನವರಿಯಿಂದ ಕೇರಳದ ವೈಕಂನಲ್ಲಿ ಆದಿತ್ಯ ಅನ್ನೋ 75 ಆಸನದ ಸೌರ ದೋಣಿ ಜನರನ್ನು ದಾಟಿಸ್ತಿದೆ. 2023ರಲ್ಲಿ ಕೊಚ್ಚಿಯ ವಾಟರ್ ಮೆಟ್ರೊ ಶುರುವಾಯ್ತು. ಅದೇ ವರ್ಷ ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡಿಗೆ ನಾರ್ವೆಯ ಕಂಪನಿಯೊಂದು ಡೀಸೆಲ್-ಎಲೆಕ್ಟ್ರಿಕ್ ಸರಕು ಹಡಗುಗಳನ್ನು ಕಟ್ಟಿಕೊಡೋಕೆ ಹೇಳಿತು. ಎಪ್ಪತ್ತು ವರ್ಷದ ಹಿಂದೆ ಎಂಜಿನ್ ಹೇಗೆ ಕೂರಿಸಬೇಕು ಅಂತ ನಮ್ಮ ಕರಾವಳಿಗೆ ಕಲಿಸಲು ಬಂದ ದೇಶ, ಈಗ ಮಲ್ಪೆಯಲ್ಲಿ ಹಡಗು ಕಟ್ಟಿಸ್ತಿದೆ. ಇಂಥ ಹಡಗಿನಲ್ಲಿ ಚಾಲನೆಯೇ ವಿದ್ಯುತ್ತಿನದ್ದು, ಹಾಗಾಗಿ ಶಾಖ ಹೊರಗೆ ಹಾಕೋ ಏರ್ಪಾಡು ಆಮೇಲೆ ನೋಡಿಕೊಳ್ಳೋ ವಿಷಯವಲ್ಲ, ನಕ್ಷೆಯ ಮೊದಲ ಪುಟದ ವಿಷಯ.

ಸಣ್ಣ ದೋಣಿಗಳಿಗೆ ಮಾತ್ರ ನಕ್ಷೆಯೂ ಇಲ್ಲ, ಎಂಜಿನಿಯರೂ ಇಲ್ಲ. ಮೀನುಗಾರಿಕಾ ದೋಣಿ ಇರಲಿ, ನಮ್ಮ ಹೊಳೆದಂಡೆಯ ತಾಲ್ಲೂಕುಗಳಿಗೆ ಬರೋ ರಕ್ಷಣಾ ದೋಣಿ ಇರಲಿ, ಅಲ್ಲಿರೋ ಉಪಕರಣವನ್ನು ಕಾಯಬೇಕಾದವನು ಊರಿನ ಮೆಕ್ಯಾನಿಕ್ಕೇ. ಅವನಿಗೆ ನನ್ನದೊಂದು ಮಾತು. ಆಗಸ್ಟ್ 1ಕ್ಕೆ ಮುಂಚೆ, ಅಥವಾ ಹೊಳೆ ಉಕ್ಕೋ ತಿಂಗಳು ಬರೋ ಮುಂಚೆ, ಆ ಪೆಟ್ಟಿಗೆಯ ಬಾಗಿಲು ತೆಗೆದು ಸ್ವಿಚ್ಚಿಗೆ ಕೂದಲು ಒಣಗಿಸೋ ಯಂತ್ರದಿಂದ ಸ್ವಲ್ಪ ಬಿಸಿಗಾಳಿ ಹಿಡಿಯಿರಿ. 'ಟಕ್' ಅಂದು ಫ್ಯಾನು ತಿರುಗಿದ್ರೆ ಸರಿ. ಬಿಸಿ ತೆಗೆದ ಮೇಲೆ ನಿಂತ್ರೆ ಇನ್ನೂ ಸರಿ. ಎರಡೂ ನೋಡಬೇಕು. ತಿರುಗೋದನ್ನು ಎಲ್ಲರೂ ನೋಡ್ತಾರೆ, ನಿಲ್ಲುತ್ತೋ ಇಲ್ಲವೋ ಅಂತ ನೋಡೋರು ಕಡಿಮೆ.

ಇದು ಇವತ್ತಿನ ಸಂಚಿಕೆ. ನಿಮ್ಮ ಕಡೆಯ ಹೊಳೆ, ಬಂದರು, ದೋಣಿಗಳಲ್ಲಿ ಇಂಥ ಅನುಭವ ಇದ್ದರೆ ನಮಗೂ ಹೇಳಿ. ಮುಂದಿನ ವಾರ ಮತ್ತೆ ಸಿಗೋಣ.